‘ಟಕ್ ಟಕ್’ ಹುಡುಕಿಕೊಂಡು ಮುಲುಂಡಿನಿಂದ ಕುರ್ಲಾಕ್ಕೆ



ಪ್ರವಾಸ ಲೇಖನವೆಂದರೆ ಕಾಶಿ, ಕೇದಾರ, ಸಿಂಗಾಪುರ ಎಂದು ನೀವು ನಿರೀಕ್ಷಿಸಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹೇಳಹೊರಟಿರುವುದು ಮುಲುಂಡಿನಿಂದ ಕುರ್ಲಾದವರೆಗಿನ ಪ್ರವಾಸ. ಲೋಕಲ್ ಗಾಡಿಯಲ್ಲಿ ಕುಳಿತರೆ ಅರ್ಧ ಗಂಟೆಯೂ ಹಿಡಿಯದ ಈ ದಾರಿಗೆ ನನಗೆ ಎರಡು ತಿಂಗಳು ಬೇಕಾಯಿತು. ಕಾರಣ, ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿಯ ಮುಂದಿನ ಗಾಲಿಯಿಂದ ಬರುತ್ತಿದ್ದ ಒಂದು ‘ಟಕ್ ಟಕ್’ ಸದ್ದು.

ಈ ಕಾರನ್ನು ನಮ್ಮ ಮಾವನವರು 1989ರ ಡಿಸೆಂಬರಿನಲ್ಲಿ ಕೊಂಡದ್ದು. 1993ರಲ್ಲಿ ನಾನು ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದಾಗ ದಾದರ್ ನಿಲ್ದಾಣದಿಂದ ಮನೆಗೆ ಕರೆತಂದದ್ದು ಇದೇ ಗಾಡಿ. ಇಂಗ್ಲಿಷ್ ಮೇಜರ್ ತೆಗೆದುಕೊಂಡು ಬಿ.ಎ. ಮಾಡಿದ್ದೆ. ಆ ಪದವಿ ಕೆಲಸಕ್ಕೆ ಬರಲಿಲ್ಲ ಎಂದು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದುಂಟು. ಆದರೆ ಮಾವನವರು ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿಟ್ಟು, “ಇದನ್ನು ಓದಿ ಹೇಳು ಕಾಂಬ” ಎನ್ನುತ್ತಿದ್ದರು. ಎಷ್ಟು ಕಿಲೋಮೀಟರಿಗೊಮ್ಮೆ ಆಯಿಲ್, ಎಲ್ಲೆಲ್ಲಿ ಗ್ರೀಸ್ ಎಂದು ನಾನು ಓದುವುದು, ಅವರು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಸ್ಟೇರಿಂಗಿನ ಕೆಳಗೇ ಗೇರು ಇರುವ ಆ ಗಾಡಿಯಲ್ಲಿ ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. 2011ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ಯಜಮಾನರಿಗೆ ಕಣ್ಣಿನ ತೊಂದರೆ. ಮನೆಯಲ್ಲಿ ಸ್ಟೇರಿಂಗ್ ಹಿಡಿಯುವವಳು ನಾನೊಬ್ಬಳೇ.

ಈ ಗಾಡಿ ಇನ್ನೂ ಇರುವುದಕ್ಕೆ ನಿಜವಾದ ಕಾರಣ ನಮ್ಮತ್ತೆ. ಅವರಿಗೆ ಈಗ 84. ಎರಡೂ ಮೊಣಕಾಲು ಸವೆದಿವೆ. ರಿಕ್ಷಾ ಹತ್ತಿದರೆ ಸೊಂಟ ಹಿಡಿಯುತ್ತದೆ, ತಗ್ಗಿನ ಹೊಸ ಕಾರುಗಳಲ್ಲಿ ಕುಳಿತರೆ ಏಳುವುದಕ್ಕೆ ಇಬ್ಬರು ಬೇಕು. ಪದ್ಮಿನಿಯ ಮುಂದಿನ ಸೀಟು ಮಾತ್ರ ಕುರ್ಚಿಯ ಹಾಗೆ. ಬಾಗಿಲು ತೆರೆದರೆ ತಿರುಗಿ ಕುಳಿತು ಕಾಲು ಒಳಗಿಟ್ಟರಾಯಿತು. ವಾರಕ್ಕೆರಡು ಸಲ ಮೊಣಕಾಲಿನ ವ್ಯಾಯಾಮಕ್ಕೆಂದು ಡಾಕ್ಟರಲ್ಲಿಗೆ, ಆಗಾಗ ಮಾಟುಂಗದಲ್ಲಿ ಯಕ್ಷಗಾನವೋ ತಾಳಮದ್ದಳೆಯೋ ಇದ್ದರೆ ಅಲ್ಲಿಗೆ, ಇಷ್ಟೇ ಅವರ ಹೊರಗಿನ ಪ್ರಪಂಚ.

ಸದ್ದು ಮೊದಲು ಕೇಳಿಸಿದ್ದೂ ಅವರಿಗೇ. 2024ರ ಗಣೇಶ ಚೌತಿಯ ಸುಮಾರಿಗೆ ಒಂದು ದಿನ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದಾಗ, “ಹೆಣೆ, ನನ್ ಕಾಲಡಿಗೆ ಎಂತೋ ಟಕ್ ಅಂತ್ತ್ ಕಾಣ್” ಎಂದರು. ನನಗೆ ಕೇಳಿಸಲಿಲ್ಲ. “ಏನಿಲ್ಲ ಅತ್ತೆ, ರಸ್ತೆಯ ಹೊಂಡ” ಎಂದುಬಿಟ್ಟೆ. ಮುಂಬಯಿಯಲ್ಲಿ ಮಳೆಗಾಲದ ಎಲ್ಲ ಸದ್ದುಗಳಿಗೂ ಹೊಂಡದ ಮೇಲೆ ತಪ್ಪು ಹೊರಿಸುವುದು ನಮಗೆ ರೂಢಿಯಲ್ಲವೇ?

ಮಳೆ ನಿಂತು ಅಕ್ಟೋಬರದ ಬಿಸಿಲು ಬಂತು ನೋಡಿ, ಸದ್ದು ನನಗೂ ಕೇಳಿಸತೊಡಗಿತು. ಒಂದಲ್ಲ, ಮೂರು ನಾಲ್ಕು ಬಗೆ. ಸೊಸೈಟಿಯ ಗೇಟಿನ ಸ್ಪೀಡ್ ಬ್ರೇಕರಿನ ಮೇಲೆ ‘ಕಿರ್ರ್’ ಎಂಬ ಹಳೆಯ ಬಾಗಿಲಿನ ಸದ್ದು. ಗಲ್ಲಿಯ ಪೇವರ್ ಬ್ಲಾಕಿನ ಮೇಲೆ ‘ಕಟಕಟಕಟ’. ಬ್ರೇಕ್ ಹಾಕಿದಾಗ ಒಂದೇ ಒಂದು ‘ಟಕ್’. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, “ಆಂಟೀ, ಶಾಕಪ್ ಗಯಾ” ಎಂದ. ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿ 5,400 ರೂಪಾಯಿ ತೆಗೆದುಕೊಂಡರು. ಮನೆಗೆ ಬರುವ ದಾರಿಯಲ್ಲೇ ‘ಟಕ್’ ಎಂದಿತು.

ಅದೇ ಸಮಯಕ್ಕೆ ಇನ್ನೊಂದು ಗಡಿ ಹತ್ತಿರ ಬರುತ್ತಿತ್ತು. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ ಮರುನೋಂದಣಿ ಮಾಡಿಸಬೇಕು, ತಪಾಸಣೆಗೆ ನಿಲ್ಲಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ನಮ್ಮದಕ್ಕೆ ಆ ಸರದಿ ಬರುವುದು ಡಿಸೆಂಬರಿನಲ್ಲಿ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, “ಅಮ್ಮಾ, ಮೂವತ್ತೈದು ವರ್ಷದ ಗಾಡಿಗೆ ಎಷ್ಟೂಂತ ಸುರಿಯುತ್ತೀ? ಸ್ಕ್ರ್ಯಾಪಿಗೆ ಹಾಕು” ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅತ್ತೆ? ಅವರು ಚೌತಿಯ ನಂತರ ಮನೆಯಿಂದ ಹೊರಟೇ ಇರಲಿಲ್ಲ. ಡಾಕ್ಟರಲ್ಲಿಗೆ ಕರೆದರೆ, “ಈಗ ನೋವಿಲ್ಲೆ, ಬ್ಯಾಡ” ಎನ್ನುತ್ತಿದ್ದರು. ನೋವಿಲ್ಲದವರು ರಾತ್ರಿ ಗೋಡೆ ಹಿಡಿದು ನಡೆಯುತ್ತಾರೆಯೇ? ನಾನು ಅದನ್ನು ಕಂಡೂ ಕಾಣದಂತೆ ಇದ್ದೆ.

ಸರಿ, ಮಾರುವ ಮೊದಲು ಒಮ್ಮೆ ನಾನೇ ತಿಳಿದುಕೊಳ್ಳಬೇಕು ಎನಿಸಿತು. ಮಾವನವರ ಪುಸ್ತಕ ಕಪಾಟಿನಿಂದ ಹೊರಬಂತು. ಮನೆಯ ಹಾಲಿನ ಲೆಕ್ಕದ ವಹಿಯಲ್ಲಿ ಹಿಂದಿನ ಪುಟದಿಂದ ಹೊಸ ಲೆಕ್ಕ ಶುರುವಾಯಿತು: ಯಾವ ರಸ್ತೆ, ಎಷ್ಟು ವೇಗ, ಏನು ಮಾಡಿದಾಗ, ಯಾವ ಸದ್ದು.

ವಾಚಕರೇ, ಮುಂಬಯಿಯಂಥ ಪರೀಕ್ಷಾ ಶಾಲೆ ಬೇರೆಲ್ಲೂ ಸಿಗದು. ಇಲ್ಲಿನ ಒಂದೊಂದು ರಸ್ತೆಯೂ ಗಾಡಿಯ ಒಂದೊಂದು ಕೀಲನ್ನು ಕೇಳುತ್ತದೆ.

ಮೊದಲನೆಯದು ನಮ್ಮ ಗಲ್ಲಿಯ ಪೇವರ್ ಬ್ಲಾಕ್. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋದರೆ ಎಡ ಬಲ ಗಾಲಿಗಳು ಒಂದಾದ ಮೇಲೊಂದು ಏಳುತ್ತ ಬೀಳುತ್ತ ಇರುತ್ತವೆ. ಎರಡು ಗಾಲಿಗಳನ್ನೂ ಅಡ್ಡಲಾಗಿ ಜೋಡಿಸುವ ಒಂದು ಕಬ್ಬಿಣದ ಸರಳು ಮುಂದೆ ಇರುತ್ತದೆ. ತಿರುವಿನಲ್ಲಿ ಗಾಡಿ ಒಂದೇ ಕಡೆ ವಾಲದಂತೆ ಅದು ತಡೆಯುತ್ತದೆ. ಅದನ್ನು ಹಿಡಿದಿರುವ ರಬ್ಬರ್ ಬುಶ್ ಸವೆದರೆ ಇಂಥ ಸಣ್ಣ ಏರುಪೇರಿನಲ್ಲೇ ‘ಕಟಕಟ’ ಎನ್ನುವುದು. ವೇಗ ಹೆಚ್ಚಿದಂತೆ ರಸ್ತೆಯ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ.

ಎರಡನೆಯದು ಸ್ಪೀಡ್ ಬ್ರೇಕರ್. ನಿಧಾನವಾಗಿ ಹತ್ತಿ ಇಳಿಯುವಾಗ ‘ಕಿರ್ರ್’ ಎಂದರೆ ಒಣಗಿದ ರಬ್ಬರು ಕಬ್ಬಿಣಕ್ಕೆ ತಿಕ್ಕುತ್ತಿದೆ ಎಂದು ಅರ್ಥ. ಮಳೆಗಾಲದಲ್ಲಿ ಇದು ಏಕೆ ಕೇಳಿಸಿರಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ನೀರು ತಾಗಿದರೆ ರಬ್ಬರು ಜಾರುತ್ತದೆ, ಸದ್ದು ಮಾಯ. ಬೇಕಿದ್ದರೆ ಪರೀಕ್ಷಿಸಿ: ಒಂದು ಚೊಂಬು ನೀರನ್ನು ಒಂದೊಂದೇ ಬುಶ್ಶಿನ ಮೇಲೆ ಹೊಯ್ದು ಬಂಪರನ್ನು ಅದುಮಿ ನೋಡಿ. ಯಾವುದಕ್ಕೆ ನೀರು ಹೊಯ್ದಾಗ ಕಿರುಗುಟ್ಟುವುದು ನಿಲ್ಲುತ್ತದೋ ಅದೇ ಕಳ್ಳ. ಆದರೆ ನೆನಪಿರಲಿ, ಬಾಗಿಲ ತಿರುಗಣಿಗೆ ಹಾಕುವಂತೆ ಇದಕ್ಕೆ ಎಂಜಿನ್ ಆಯಿಲ್ ಹಾಕಬಾರದು. ಎಣ್ಣೆ ತಾಗಿದ ರಬ್ಬರು ಉಬ್ಬಿ ಹಾಳಾಗುತ್ತದೆ.

ಮೂರನೆಯದಕ್ಕಾಗಿ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಯಜಮಾನರನ್ನು ಎಬ್ಬಿಸಿಕೊಂಡು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದೆ. ವಿಕ್ರೋಲಿ, ಘಾಟಕೋಪರ ದಾಟಿ, ಚೆಂಬೂರಿನಿಂದ 2013ರಲ್ಲಿ ತೆರೆದ ಈಸ್ಟರ್ನ್ ಫ್ರೀವೇಗೆ ಹೋದೆವು. ನೀವು ಆ ದಾರಿಯಲ್ಲಿ ಹೋಗಿರಬಹುದು. ಒಂದು ಕಡೆ ಉಪ್ಪಿನ ಗದ್ದೆ, ಕಾಂಡ್ಲಾ ಕಾಡು, ದೂರದಲ್ಲಿ ರಿಫೈನರಿಯ ಹೊಗೆ. ನಡುವೆ ಗುಡ್ಡ ಕೊರೆದು ಮಾಡಿದ ಸುರಂಗ. ಯಜಮಾನರು ಗುಡ್ಡ ನೋಡುತ್ತಿದ್ದರು, ನಾನು ಕಿಟಕಿ ಇಳಿಸಿ ಕಿವಿಗೊಟ್ಟಿದ್ದೆ. ಗೋಡೆಯ ಪಕ್ಕದಲ್ಲಿ ಹೋಗುವಾಗ ಗಾಲಿಯ ಸದ್ದು ಗೋಡೆಗೆ ಬಡಿದು ತಿರುಗಿ ಕಿವಿಗೆ ಬರುತ್ತದೆ. ಸುರಂಗದಲ್ಲಂತೂ ಏನನ್ನೂ ಮುಚ್ಚಿಡಲಾಗದು. ವೇಗ ಹೆಚ್ಚಿದಂತೆ ‘ಹೂಂ’ ಎಂಬ ಸದ್ದೂ ಹೆಚ್ಚುತ್ತ ಹೋದರೆ ಗಾಲಿಯ ಬೇರಿಂಗ್ ಸವೆದಿದೆ ಎಂಬ ಸಂಶಯ ಪಡಬೇಕು. ರಸ್ತೆ ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್, ಎಡಕ್ಕೆ ತಿರುಗುವಾಗ ಏರಿದರೆ ಬಲಗಡೆಯದು. ನಮ್ಮ ಗಾಡಿಯಲ್ಲಿ ಅಂಥ ಸದ್ದಿರಲಿಲ್ಲ. ಫ್ಲೈಓವರಿನ ಜಾಯಿಂಟುಗಳ ಮೇಲೆ ‘ಧಪ್ ಧಪ್’ ಎನ್ನುವುದು ಎಲ್ಲ ಗಾಡಿಗಳಿಗೂ ಸಹಜ. ಆ ‘ಧಪ್’ ಆದ ಮೇಲೆ ಇನ್ನೊಂದು ಮರಿ ಸದ್ದು ಬರುತ್ತದೋ ಎಂದು ಕೇಳಬೇಕು. ನಮ್ಮದರಲ್ಲಿ ಬರುತ್ತಿತ್ತು.

ನಾಲ್ಕನೆಯದು ಎಲ್.ಬಿ.ಎಸ್. ಮಾರ್ಗ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹಾಕಿದ ಬ್ರೇಕನ್ನೆಲ್ಲ ಬರೆದಿಟ್ಟೆ. ಬ್ರೇಕ್ ಒತ್ತಿದ ಕೂಡಲೇ ಎಡಗಡೆ ಒಂದು ‘ಟಕ್’, ಬಿಟ್ಟು ಮುಂದೆ ಹೋಗುವಾಗ ಇನ್ನೊಂದು. ಅಂದರೆ ಏನೋ ಒಂದು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದೆ. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದು ಮೇಲಕ್ಕೂ ಕೆಳಕ್ಕೂ, ಹಿಂದೆ ಮುಂದೆ ಅಲ್ಲ. 5,400 ರೂಪಾಯಿ ಎಲ್ಲಿಗೆ ಹೋಯಿತೆಂದು ನನಗೆ ಅಂದು ತಿಳಿಯಿತು. ಬಂಪರಿನ ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟು, ಗಾಡಿ ಒಮ್ಮೆ ಎದ್ದು ಸುಮ್ಮನೆ ಕುಳಿತರೆ ಶಾಕ್ ಅಬ್ಸಾರ್ಬರ್ ಸರಿಯಿದೆ, ಮತ್ತೆ ಮತ್ತೆ ತೂಗಾಡಿದರೆ ಸೋತಿದೆ. ಈ ಒಂದು ನಿಮಿಷದ ಪರೀಕ್ಷೆಯನ್ನು ನಾನು ಮೊದಲೇ ಮಾಡಬಹುದಿತ್ತು.

ವಹಿ ಹಿಡಿದುಕೊಂಡು ನವೆಂಬರಿನ ಒಂದು ಬೆಳಿಗ್ಗೆ ಕುರ್ಲಾಕ್ಕೆ ಹೊರಟೆ. ಎಲ್.ಬಿ.ಎಸ್. ಮಾರ್ಗದಲ್ಲೇ ಹೋದೆ. ಭಾಂಡುಪ, ಕಾಂಜೂರ, ವಿಕ್ರೋಲಿ ದಾಟುವಾಗ ನಾನು ಬಂದ ಹೊಸತರಲ್ಲಿ ಕಾಣುತ್ತಿದ್ದ ಕಾರ್ಖಾನೆಗಳ ಉದ್ದ ಗೋಡೆಗಳು, ಪಾಳಿ ಮುಗಿಸಿ ಸೈರನ್ನಿನೊಂದಿಗೆ ಹೊರಬರುವ ಜನ ನೆನಪಾದರು. ಈಗ ಹೆಚ್ಚಿನ ಕಡೆ ಮಾಲುಗಳು, ಮೂವತ್ತು ನಲವತ್ತು ಮಾಳಿಗೆಯ ಕಟ್ಟಡಗಳು, ನೆತ್ತಿಯ ಮೇಲೆ ಮೆಟ್ರೋ ಕಂಬಗಳು. ವಿದ್ಯಾವಿಹಾರ, ಕುರ್ಲಾ ಬಂದಾಗ ಗಾಡಿಗೆ ತವರಿಗೆ ಬಂದಂತೆ ಆಗಿರಬೇಕು ಎಂದುಕೊಂಡೆ. ಏಕೆಂದರೆ ಪದ್ಮಿನಿ ಹುಟ್ಟಿದ್ದು ಇಲ್ಲೇ.

ಈ ತವರಿನ ಕಥೆಯಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಇದೆ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು 1930ರ ದಶಕದಲ್ಲಿ ಯೋಜನೆ ತಯಾರಿಸಿ ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮಾಟುಂಗದ ಕರ್ನಾಟಕ ಸಂಘದ ಸಭಾಗೃಹದಲ್ಲಿ ಅವರ ಹೆಸರಿನ ಕೆಳಗೆ ಕುಳಿತು ಎಷ್ಟು ನಾಟಕ ನೋಡಿದ್ದೇವೆ! ಅವರ ಆ ಕನಸಿನಲ್ಲಿ ಕೈಜೋಡಿಸಿದ ಉದ್ಯಮಿ ವಾಲಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರಕಾರದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದವರೂ ಅವರೇ. 1944ರಲ್ಲಿ ಅವರು ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು. ಅದೇ ಗಾಡಿ ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಪಡೆದು ಪದ್ಮಿನಿಯಾಯಿತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ತಯಾರಿಕೆ ನಿಂತಿತು. ಈಗ ಅಲ್ಲಿ ಉಳಿದಿರುವುದು ಪ್ರೀಮಿಯರ್ ರೋಡ್ ಎಂಬ ಹೆಸರು. ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2003ರ ಅಕ್ಟೋಬರ್ 29ರಂದು ತಾಡದೇವದ ಆರ್.ಟಿ.ಒ.ದಲ್ಲಿ ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡಿದ್ದರು.

ಕುರ್ಲಾದಿಂದ ಕಲೀನಾಕ್ಕೆ ಹೋಗುವ ಸಿ.ಎಸ್.ಟಿ. ರೋಡನ್ನು ನೋಡದವರು ಒಮ್ಮೆ ನೋಡಬೇಕು. ರಸ್ತೆಯ ಬದಿಗೆ ಬಾಗಿಲುಗಳ ರಾಶಿ, ಬಂಪರುಗಳ ರಾಶಿ, ದೀಪಗಳ ಮಾಲೆ, ಮಾವಿನಕಾಯಿ ಗುಡ್ಡೆ ಹಾಕಿದಂತೆ ಸ್ಪ್ರಿಂಗುಗಳ ಗುಡ್ಡೆ. ಪಕ್ಕದಲ್ಲೇ ಮೀಠಿ ನದಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ನದಿ ಎಷ್ಟು ಮನೆ, ಎಷ್ಟು ಗಾಡಿ ನುಂಗಿತೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ನಮ್ಮ ಪದ್ಮಿನಿಯೂ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಅದರ ಫಲವನ್ನು ಹತ್ತೊಂಬತ್ತು ವರ್ಷಗಳ ಮೇಲೆ ನೋಡಲಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಪರಿಚಯದವರು ಹೇಳಿದ್ದ ಮಿಸ್ತ್ರಿಯ ಅಂಗಡಿ ಎಂದರೆ ಒಂದು ತಗಡಿನ ಮಾಡು, ಒಂದು ಬೆಂಚು. ಎಪ್ಪತ್ತರ ಹತ್ತಿರದ ವಯಸ್ಸು. ನನ್ನ ಹಿಂದಿ ಕೇಳಿ ನಕ್ಕು, “ಕನ್ನಡದಾಗ ಹೇಳ್ರಿ ಅಕ್ಕಾರ” ಎಂದಾಗ ನನಗೆ ಆದ ಸಂತೋಷ ಹೇಳತೀರದು. ವಿಜಾಪುರದ ಕಡೆಯವರು, ಹದಿನಾರನೆಯ ವಯಸ್ಸಿಗೆ ಬರಗಾಲದಲ್ಲಿ ಊರು ಬಿಟ್ಟು ಬಂದವರಂತೆ. ನನ್ನ ವಹಿಯನ್ನು ಓದಿಸಿಕೊಂಡರು. ನಡುವೆ ಒಂದೇ ಪ್ರಶ್ನೆ: “ಇದನ್ನ ಮೊದಲ ಯಾರು ಕೇಳಿದ್ರಿ?”

“ನಮ್ಮತ್ತೆ. ಕಾಲ ಕೆಳಗೆ ಬಡಿಯುತ್ತದೆ ಅಂದಿದ್ದರು.”

“ಎಡಕ್ಕ ಕುಂದರತಾರಲ್ಲ? ಹಂಗಾರ ಅಲ್ಲೇ ನೋಡೂಣು.”

ಮುಂದಿನ ಗಾಲಿಗಳನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟರು. ಬರೀ ಜ್ಯಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು ಎಂದು ತಮ್ಮ ಹುಡುಗನಿಗೆ ಗದರಿಸಿಯೇ ಕೆಲಸ ಶುರು. ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳಿನ ಸಂದಿಗೆ ಒಂದು ಸಬ್ಬಲ್ ತೂರಿಸಿ ಮೀಟಿದರು. ತೋಳು ಅರ್ಧ ಬೆರಳಿನಷ್ಟು ಸರಿದು ‘ಟಕ್’ ಎಂದಿತು. ನನ್ನ ಮೈ ಜುಮ್ಮೆಂದಿತು. ಅದೇ ಸದ್ದು! ಒಳಗಿನ ರಬ್ಬರ್ ಬುಶ್ ಹರಿದುಹೋಗಿತ್ತು. ಅಡ್ಡ ಸರಳಿನ ಬುಶ್ಶುಗಳು ಒಣಕೊಬ್ಬರಿಯಂತೆ ಬಿರಿದಿದ್ದವು. “ಶಾಕಪ್ ಹೊಸಾವ ಅದಾವ, ಛಲೋ ಅದಾವ. ರೋಗ ಅಲ್ಲಿರಲಿಲ್ಲ ಅಷ್ಟ” ಎಂದರು.

ಇಷ್ಟಕ್ಕೆ ಮುಗಿಯಿತೆಂದು ನಾನು ಪರ್ಸು ತೆಗೆದೆ. ಅವರು ಬಲಗಡೆಯ ಗಾಲಿಯತ್ತ ಹೋದರು. ಅಲ್ಲಿಂದ ನನಗೆ ಯಾವ ಸದ್ದೂ ಬಂದಿರಲಿಲ್ಲ. ಟೈರಿನ ಅಂಚನ್ನು ಅಂಗೈಯಿಂದ ಸವರಿ, “ಒಂದ ಕಡೆ ಸವದೈತಿ ನೋಡ್ರಿ” ಎಂದರು. ಮೇಲೊಂದು ಕೈ, ಕೆಳಗೊಂದು ಕೈ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಗಾಲಿಯನ್ನು ಒಳಗೆ ಹೊರಗೆ ಅಲುಗಾಡಿಸಿದರು. ಗಾಲಿ ಅಲುಗಿತು. “ಅಕ್ಕಾರ, ಒಳಗ ಕುಂತು ಬ್ರೇಕ್ ತುಳದ ಹಿಡೀರಿ.” ತುಳಿದು ಹಿಡಿದೆ. ಮತ್ತೆ ಅಲುಗಿಸಿದರು. ಆಗಲೂ ಅಲುಗಿತು.

ಇದರ ಅರ್ಥವನ್ನು ಅವರು ತಾಳ್ಮೆಯಿಂದ ವಿವರಿಸಿದರು. ಬ್ರೇಕ್ ಹಿಡಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು. (3 ಮತ್ತು 9ರ ಜಾಗದಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಸ್ಟೇರಿಂಗಿನ ಟೈ ರಾಡ್ ನೋಡಬೇಕು.) ಈಗಿನ ಕಾರುಗಳಲ್ಲಿ ಬಾಲ್ ಜಾಯಿಂಟ್ ಮಾಡುವ ಕೆಲಸವನ್ನು ನಮ್ಮ ಹಳೆಯ ಗಾಡಿಗಳಲ್ಲಿ ಕಿಂಗ್ ಪಿನ್ ಮಾಡುತ್ತದೆ. ಗಾಲಿ ಎಡಬಲಕ್ಕೆ ತಿರುಗುವುದು ಅದೇ ಗೂಟದ ಮೇಲೆ. ಅದಕ್ಕೆ ನಿಪ್ಪಲ್ ಮೂಲಕ ಆಗಾಗ ಗ್ರೀಸ್ ತುಂಬಬೇಕು. ನಾನು ಪ್ರತಿ ಸಲ ಸರ್ವಿಸಿಗೆ ಕೊಟ್ಟಾಗ ಗ್ರೀಸಿನ ದುಡ್ಡು ತಪ್ಪದೆ ಕೊಟ್ಟಿದ್ದೇನೆ. ಆದರೆ ಆ ನಿಪ್ಪಲ್ಲಿನ ಬಾಯಿ ಒಣಮಣ್ಣಿನಿಂದ ಕಟ್ಟಿಹೋಗಿತ್ತು. ಗನ್ನಿನಿಂದ ಒತ್ತಿದ ಗ್ರೀಸು ಹೊರಗೇ ಉಬ್ಬಿ, ನೋಡುವವರಿಗೆ ತುಂಬಿದಂತೆ ಕಾಣುತ್ತಿತ್ತು. ಒಳಗೆ ಹನಿಯೂ ಹೋಗಿರಲಿಲ್ಲ. ಅದಕ್ಕೆ ಮೊದಲು ನೆರೆಯ ನೀರು ಹೊಕ್ಕ ತುಕ್ಕು ಬೇರೆ.

“ಇದು ಸದ್ದು ಮಾಡಲಿಲ್ಲವಲ್ಲ?” ಎಂದು ಕೇಳಿದೆ.

“ಎಲ್ಲಾನೂ ಒದರಿಕೊಂಡ ಸಾಯಂಗಿಲ್ರಿ ಅಕ್ಕಾರ. ಕೆಲವು ಸುಮ್ಮನ ಸವೀತಾವ. ನೀವು ಆ ಎಡಗಡಿ ಸದ್ದಿಗೆ ಬಂದ್ರಿ, ಅದಕ್ಕ ಇದು ಸಿಕ್ತು.”

ಕಿಂಗ್ ಪಿನ್ ಮುರಿದರೆ ಗಾಲಿ ಹೊರಕ್ಕೆ ಮಡಚಿ ಬೀಳುತ್ತದೆ. ಹಿಂದೆ ನಡುರಸ್ತೆಯಲ್ಲಿ ಮುಂಗಾಲು ಮುರಿದ ಎತ್ತಿನಂತೆ ಕುಳಿತ ಟ್ಯಾಕ್ಸಿಗಳನ್ನು ನೀವೂ ಕಂಡಿರಬಹುದು. ಅದು ಹೈವೇಯಲ್ಲಿ, ಅತ್ತೆ ಪಕ್ಕದಲ್ಲಿರುವಾಗ ಆಗಿದ್ದರೆ? ನನಗೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾಯಿತು. ಹುಡುಗ ಕಟಿಂಗ್ ಚಹಾ ತಂದುಕೊಟ್ಟ. ಮಗ ಹೇಳಿದಂತೆ ಮಾರಿಬಿಡೋಣ ಎಂದು ಆ ಕ್ಷಣ ನಿಜವಾಗಿ ಅನಿಸಿತು. ಮಿಸ್ತ್ರಿಯವರನ್ನೇ ಕೇಳಿದೆ. ಅವರು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಚಾಸಿಯ ಸಂದುಗೊಂದುಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿದರು. “ಮೈಯಾಗಿನ ತಗಡು ತುಕ್ಕ ಹಿಡದಿದ್ರ ನಾನ ಮಾರ್ರಿ ಅಂತಿದ್ದೆ. ಇದು ಗಟ್ಟಿ ಐತಿ. ಇವೆಲ್ಲಾ ಬದಲಿ ಆಗೂ ಸಾಮಾನು” ಎಂದರು. ಹಳೆಯ ಗಾಡಿಯ ಬಗ್ಗೆ ನಿರ್ಧಾರ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಕಿಂಗ್ ಪಿನ್ ಸೆಟ್ಟು ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು. ಪಿನ್ ಒಂದನ್ನೇ ಬದಲಿಸಿದರೆ ಸಾಲದು, ಅದರ ಬುಶ್ಶುಗಳನ್ನೂ ಬದಲಿಸಿ, ಲೇಥಿನವರಲ್ಲಿ ಒತ್ತಿ ಕೂರಿಸಿ, ರೀಮರಿನಿಂದ ಹದವಾಗಿ ಕೊರೆಸಬೇಕು. ಬಿಗಿಯಾದರೆ ಸ್ಟೇರಿಂಗ್ ತಿರುಗದು, ಸಡಿಲವಾದರೆ ಮತ್ತೆ ಅಲುಗಾಟ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆಯೂ ಹಾಕುವುದು ಒಳ್ಳೆಯದೆಂದು ಎರಡೂ ಮಾಡಿಸಿದೆ. ಕಾಯಿಲ್ ಸ್ಪ್ರಿಂಗ್ ತೆಗೆಯುವಾಗ ಮಾತ್ರ ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಅದುಮಿ ಕುಳಿತ ಸ್ಪ್ರಿಂಗ್ ಹಾರಿದರೆ ಮನುಷ್ಯನ ಪ್ರಾಣಕ್ಕೇ ಅಪಾಯ. ಅದನ್ನು ಹಿಡಿದಿಡುವ ಸಾಧನ ಇಲ್ಲದೆ ಯಾರೂ ಮುಟ್ಟಬಾರದು.

ಇನ್ನೊಂದು ಗುಟ್ಟನ್ನು ನಿಮಗೆ ಹೇಳಲೇಬೇಕು, ಏಕೆಂದರೆ ಹೊಸ ಕಾರಿನವರಿಗೂ ಇದು ಉಪಯೋಗ. ತೋಳಿನ ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಲಿ ಗಾಳಿಯಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಗಾಡಿ ಕೆಳಗಿಳಿದು ಭಾರ ಬಿದ್ದಾಗ ಒಳಗಿನ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. “ಗಾಲಿ ನೆಲಕ್ಕ ಕುಂದರಬೇಕ್ರಿ, ಆಮ್ಯಾಲ ಬಿಗೀಬೇಕು” ಎಂದು ಗಾಡಿ ಇಳಿಸಿ, ಎರಡು ಸಲ ಅದುಮಿ, ಆಮೇಲೆ ಮಲಗಿ ಕೊನೆಯ ಸುತ್ತು ಬಿಗಿದರು. ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲು ಕಳಿಸಿದರು. ಎಲ್ಲ ಸೇರಿ 9,200 ರೂಪಾಯಿ. ಕೊನೆಗೆ ಹೊಸ ನಿಪ್ಪಲ್ ತೋರಿಸಿ, “ಗ್ರೀಸ್ ಹಚ್ಚೂ ಮುಂದ ನೀವ ನಿಂತ ನೋಡ್ರಿ. ಹಳೇ ಗ್ರೀಸ್ ಇನ್ನೊಂದು ಕಡಿಂದ ಹೊರಗ ಬರಬೇಕು. ಬರಲಿಲ್ಲಂದ್ರ ಹೋಗಿಲ್ಲಂತ ತಿಳೀರಿ” ಎಂದರು. ಈಗ ಆ ವಹಿಯಲ್ಲಿ ಗ್ರೀಸಿನ ತಾರೀಖೂ ಇದೆ.

ಮರಳುವಾಗ ಅದೇ ದಾರಿ, ಅದೇ ಸಿಗ್ನಲ್ಲುಗಳು. ಘಾಟಕೋಪರದಲ್ಲಿ ಬ್ರೇಕ್ ಹಾಕಿದೆ, ಸದ್ದಿಲ್ಲ. ಭಾಂಡುಪದಲ್ಲಿ ಹಾಕಿದೆ, ಸದ್ದಿಲ್ಲ. ಗಲ್ಲಿಯ ಪೇವರ್ ಬ್ಲಾಕಿನ ಮೇಲೆ ಬರೀ ಟೈರಿನ ಸದ್ದು. ಸ್ಪೀಡ್ ಬ್ರೇಕರಿನ ಮೇಲೆ ವಾಚ್‌ಮನ್ ತಲೆಯೆತ್ತಿ ನೋಡಿದ. ಕಿರುಗುಟ್ಟುವ ಸದ್ದಿನಿಂದಲೇ ಗೇಟು ತೆರೆಯುವುದು ಅವನ ಅಭ್ಯಾಸವಾಗಿತ್ತು ಎಂದು ಕಾಣುತ್ತದೆ.

ಮನೆಗೆ ಬಂದು ಅತ್ತೆಯ ಹತ್ತಿರ ಕುಳಿತು, “ಅತ್ತೆ, ನೀವು ಹೇಳಿದ ಜಾಗವೇ. ಸರಿಯಾಗಿ ನಿಮ್ಮ ಕಾಲ ಕೆಳಗಿನದ್ದೇ ಹರಿದಿತ್ತು” ಎಂದೆ. ಬಲಗಡೆಯ ಕಿಂಗ್ ಪಿನ್ನಿನ ವಿಷಯ ಹೇಳಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾ ಹೇಳಿದ್ದೆ ಅಲ್ದಾ. ನಿಂಗೆ ಹೆದ್ರಿಕೆ ಆತ್ತ್ ಅಂದೇಳಿ ಮತ್ತೆ ಹೇಳ್ಲಿಲ್ಲೆ” ಎಂದರು. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, “ನಂಗೂ ಹೆದ್ರಿಕೆ ಆಪುದ್. ಅದ್ಕೇ ಬತ್ತಿಲ್ಲೆ ಅಂದದ್” ಎಂದರು.

ಮೂರು ತಿಂಗಳ ‘ನೋವಿಲ್ಲೆ’ಯ ಅರ್ಥ ಅಂದು ಹೊರಬಂತು. ಗಾಡಿಯ ಸದ್ದನ್ನು ವಹಿಯಲ್ಲಿ ಬರೆದಿಟ್ಟ ನಾನು, ಅದೇ ಮನೆಯಲ್ಲಿ ರಾತ್ರಿ ಗೋಡೆ ಹಿಡಿದು ನಡೆಯುವ ಹೆಜ್ಜೆಯ ಸದ್ದನ್ನು ಕೇಳಿಯೂ ಏನೆಂದು ವಿಚಾರಿಸಿರಲಿಲ್ಲ. ಮರುದಿನವೇ ಡಾಕ್ಟರಲ್ಲಿಗೆ ಕರೆದೊಯ್ದೆ. ತಡವಾಗಿದೆ ಎಂದು ಅವರು ಬೈದರು. ಬೈಸಿಕೊಂಡೆ.

ಡಿಸೆಂಬರಿನಲ್ಲಿ ತಪಾಸಣೆ ಮುಗಿದು 5 ವರ್ಷದ ಮರುನೋಂದಣಿಯಾಯಿತು. ಮಗನಿಗೆ ಫೋನು ಮಾಡಿ ಹೇಳಿದಾಗ ನಕ್ಕು, “ಅಜ್ಜಿಯ ಗಾಡಿ ಅಜ್ಜಿಗೇ ಇರಲಿ ಬಿಡು” ಎಂದ. ಅದರ ಮುಂದಿನ ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಮಾಟುಂಗಕ್ಕೆ ಹೋದೆವು. ಸಾಯನ್ ಸರ್ಕಲ್ ದಾಟಿ ಕಿಂಗ್ಸ್ ಸರ್ಕಲ್ಲಿನ ಮರಗಳ ನೆರಳಿಗೆ ಬಂದಾಗ ಅವರು ಕಿಟಕಿಯ ಗಾಜು ಇಳಿಸಿದರು. ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ. ನಾನು ಅವರ ಮುಖ ನೋಡಿದೆ, ಅವರು ತಮ್ಮ ಕಾಲು ನೋಡಿಕೊಂಡರು.

“ಇಲ್ಲೆ” ಎಂದರು. “ಇನ್ನ್ ಎಂತದೂ ಇಲ್ಲೆ. ಹೋಯ್ಲಿ.”

ವಾಚಕರೇ, ನಿಮ್ಮ ಗಾಡಿ ಹೊಸದಿರಲಿ ಹಳೆಯದಿರಲಿ, ಮುಂದಿನ ಗಾಲಿಯಿಂದ ಸದ್ದು ಬಂದರೆ ರೇಡಿಯೋದ ವಾಲ್ಯೂಮ್ ಏರಿಸಬೇಡಿ. ಯಾವ ರಸ್ತೆ, ಯಾವಾಗ, ಯಾವ ಕಡೆ ಎಂದು ಬರೆದಿಟ್ಟು ಒಯ್ಯಿರಿ. ಬಗ್ಗಿ ನೋಡದೆ ಸಾಮಾನು ಬದಲಿಸುವವರಿಗೆ ದುಡ್ಡು ಕೊಡಬೇಡಿ. ಪಕ್ಕದ ಸೀಟಿನಲ್ಲಿ ಹಿರಿಯರು ಕುಳಿತಿದ್ದರೆ ಅವರನ್ನೂ ಒಮ್ಮೆ ಕೇಳಿ. ಮಾಟುಂಗದ ಕಾರ್ಯಕ್ರಮಗಳಲ್ಲಿ ಬಾಗಿಲ ಬಳಿ ಒಂದು ಹಳೆಯ ಪದ್ಮಿನಿ ನಿಂತಿರುವುದು ಕಂಡರೆ ಮಾತಾಡಿಸಿ. ಗ್ರೀಸಿನ ತಾರೀಖು ತೋರಿಸುತ್ತೇನೆ.